ಪೊಲೀಸರಿಗೆ ಸ್ಪ್ಯಾನಿಷ್ ಪಾಠ

(ಉಪನ್ಯಾಸವೊಂದರ ಲಿಖಿತ ರೂಪ)

ಪರಭಾಷೆ ಕಲಿಯುವವರಲ್ಲಿ ಹಲವು ಬಗೆ. ಸಾಹಿತ್ಯ ಓದಲೆಂದು ಕಲಿಯುವವರಿದ್ದಾರೆ, ವ್ಯಾಪಾರಕ್ಕೆಂದು ಕಲಿಯುವವರಿದ್ದಾರೆ, ಪ್ರವಾಸ ಹೊರಟಾಗ ನಾಲ್ಕು ಮಾತು ಕಟ್ಟಿಕೊಳ್ಳುವವರೂ ಇದ್ದಾರೆ. ಇವರು ಮಾತಿನಲ್ಲಿ ತಪ್ಪಿದರೆ ಹೆಚ್ಚೆಂದರೆ ಎದುರಿಗಿದ್ದವರು ನಕ್ಕಾರು. ಆದರೆ ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಬೇಡಿ ಹಿಡಿದವರು ಪರಭಾಷೆಯಲ್ಲಿ ತಪ್ಪಿದರೆ? ಒಬ್ಬನ ಜೀವ ಹೋಗಬಹುದು. ತಪ್ಪು ಮಾಡದವನು ಸೆರೆಮನೆ ಸೇರಬಹುದು. ಮಾಲು ಸಮೇತ ಸಿಕ್ಕವನ ವಿರುದ್ಧದ ಸಾಕ್ಷ್ಯವೇ ನ್ಯಾಯಾಲಯದಲ್ಲಿ ಬಿದ್ದುಹೋಗಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಮೂರೂ ಆಗಿವೆ. ಅಲ್ಲಿನ ಪೊಲೀಸರು ಸ್ಪ್ಯಾನಿಷ್ ಕಲಿಯುವ ಪ್ರಯತ್ನದ ಹಿಂದೆ ಇರುವ ಚರಿತ್ರೆ, ಆ ಕಲಿಕೆಯ ಸ್ವರೂಪ ಮತ್ತು ಅದರ ಮಿತಿ, ಇವೇ ಇಂದಿನ ವಿಷಯ.

ಮೊದಲಿಗೆ 1901ರ ಟೆಕ್ಸಾಸಿನ ಒಂದು ಪ್ರಸಂಗ. ಜೂನ್ 12ರಂದು ಕಾರ್ನ್ಸ್ ಕೌಂಟಿಯ ಷೆರಿಫ್, ಅಂದರೆ ಆ ಪ್ರಾಂತದ ಚುನಾಯಿತ ಪೊಲೀಸ್ ಮುಖ್ಯಸ್ಥ, ಕುದುರೆ ಕಳ್ಳನೊಬ್ಬನನ್ನು ಹುಡುಕುತ್ತ ಗ್ರೆಗೋರಿಯೊ ಕೊರ್ತೆಸ್ ಎಂಬ ಮೆಕ್ಸಿಕೊ ಮೂಲದ ರೈತನ ಮನೆಗೆ ಬಂದ. ಷೆರಿಫ್‌ಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಭಾಷೆ ಬಲ್ಲವನೆಂದು ಹೆಸರಾಗಿದ್ದ ಸಹಾಯಕನೊಬ್ಬನನ್ನು ಜೊತೆಗೆ ಕರೆತಂದಿದ್ದ. ಆ ಸಹಾಯಕ ಕೊರ್ತೆಸ್‌ನನ್ನು ಕೇಳಿದ: ಇತ್ತೀಚೆಗೆ ಯಾರಿಗಾದರೂ 'ಕಬಾಯೊ' ಕೊಟ್ಟು ವಿನಿಮಯ ಮಾಡಿಕೊಂಡಿದ್ದೀಯಾ? ಕೊರ್ತೆಸ್ ಇಲ್ಲವೆಂದ. ಅವನು ಹೇಳಿದ್ದು ನಿಜ. 'ಕಬಾಯೊ' ಎಂದರೆ ಗಂಡು ಕುದುರೆ. ಅವನು ಕೊಟ್ಟಿದ್ದು ಹೆಣ್ಣು ಕುದುರೆ. ಸ್ಪ್ಯಾನಿಷಿನಲ್ಲಿ ಅದಕ್ಕೆ 'ಯೆಗ್ವಾ' ಎಂಬ ಬೇರೆಯೇ ಹೆಸರು. ಕನ್ನಡದಲ್ಲಿ ಎರಡಕ್ಕೂ ಕುದುರೆ ಎನ್ನುವುದರಿಂದ ಈ ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ಹಸು ಮಾರಿದ ರೈತನನ್ನು 'ಎತ್ತು ಮಾರಿದೆಯಾ?' ಎಂದು ಕೇಳಿದರೆ ಅವನೇನು ಹೇಳಿಯಾನು? ಇಲ್ಲವೆಂದೇ ತಾನೆ?

ಆದರೆ ಕೊರ್ತೆಸ್‌ನಿಂದ ಕುದುರೆ ಪಡೆದವನನ್ನು ಷೆರಿಫ್ ಆಗಲೇ ವಿಚಾರಿಸಿ ಬಂದಿದ್ದ. ಹೀಗಾಗಿ ಈ 'ಇಲ್ಲ' ಅವನಿಗೆ ಹಸಿ ಸುಳ್ಳಾಗಿ ಕೇಳಿಸಿತು. ಬಂಧಿಸುತ್ತೇನೆಂದ. ಕೊರ್ತೆಸ್ ಮತ್ತೇನೋ ಹೇಳಿದ. ತನ್ನನ್ನು ಬಂಧಿಸಲು ಕಾರಣವೇನೂ ಇಲ್ಲವೆಂದು ಅವನು ಹೇಳಿದ್ದು, ತನ್ನನ್ನು ಯಾರೂ ಬಂಧಿಸಲಾರರು ಎಂದು ಸಹಾಯಕನ ಕಿವಿಗೆ ಬಿತ್ತು. ಸ್ಪ್ಯಾನಿಷಿನಲ್ಲಿ 'ನಾದಾ' ಎಂದರೆ ಏನೂ ಇಲ್ಲ, 'ನಾದ್ಯೆ' ಎಂದರೆ ಯಾರೂ ಇಲ್ಲ. ಗೊಂದಲ ಈ ಎರಡು ಪದಗಳ ನಡುವೆ ಹುಟ್ಟಿರಬೇಕೆಂದು ಈ ಪ್ರಸಂಗವನ್ನು ಆಳವಾಗಿ ಅಧ್ಯಯನ ಮಾಡಿದ ಟೆಕ್ಸಾಸಿನ ಜಾನಪದ ವಿದ್ವಾಂಸ ಅಮೆರಿಕೊ ಪರೆದೆಸ್ ವಿವರಿಸಿದ್ದಾರೆ. ಷೆರಿಫ್ ಪಿಸ್ತೂಲು ತೆಗೆದ. ಕೊರ್ತೆಸ್‌ನ ಅಣ್ಣನಿಗೆ ಗುಂಡು ತಗುಲಿತು. ಕೊರ್ತೆಸ್ ತಿರುಗಿ ಹಾರಿಸಿದ ಗುಂಡಿಗೆ ಷೆರಿಫ್ ಸತ್ತ.

ಮುಂದಿನ ಹತ್ತು ದಿನ ನೂರಾರು ಸಶಸ್ತ್ರ ಜನ ಕೊರ್ತೆಸ್‌ನ ಬೆನ್ನು ಹತ್ತಿದರು. ಕಾಲ್ನಡಿಗೆಯಲ್ಲೂ ಕುದುರೆಯ ಮೇಲೂ ನೂರಾರು ಮೈಲಿ ಓಡಿದ ಅವನು ಮೆಕ್ಸಿಕೊ ಗಡಿಯ ಹತ್ತಿರ ಸಿಕ್ಕಿಬಿದ್ದ. ನಡುವೆ ಇನ್ನೊಬ್ಬ ಷೆರಿಫ್ ಕೂಡ ಗುಂಡಿನ ಕಾಳಗದಲ್ಲಿ ಸತ್ತಿದ್ದ. ಮೊದಲ ಷೆರಿಫ್‌ನ ಸಾವಿನ ಮೊಕದ್ದಮೆಯಲ್ಲಿ ಕೊನೆಗೆ ಬಿಡುಗಡೆಯಾಯಿತು. ಎರಡನೆಯದರಲ್ಲಿ ಜೀವಾವಧಿ ಶಿಕ್ಷೆಯಾಯಿತು. 1913ರಲ್ಲಿ ಟೆಕ್ಸಾಸಿನ ರಾಜ್ಯಪಾಲರು ಕ್ಷಮಾದಾನ ಕೊಟ್ಟರು. ಗಡಿನಾಡಿನ ಮೆಕ್ಸಿಕನ್ ಜನ ಅವನ ಮೇಲೆ ಲಾವಣಿ ಕಟ್ಟಿ ಹಾಡಿದರು. ಅಲ್ಲಿ ಈ ಬಗೆಯ ಹಾಡಿಗೆ 'ಕೊರಿದೊ' ಎಂದು ಹೆಸರು. ಪರೆದೆಸ್ 1958ರಲ್ಲಿ ಪ್ರಕಟಿಸಿದ ಗ್ರಂಥ ಈ ಲಾವಣಿಯನ್ನೇ ಕುರಿತದ್ದು. 1982ರಲ್ಲಿ ಇದೇ ಕಥೆ ಚಲನಚಿತ್ರವಾಯಿತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಆ ದಿನ ಅಂಗಳದಲ್ಲಿ ಸ್ಪ್ಯಾನಿಷ್ ಬಲ್ಲ ಸರ್ಕಾರಿ ಮನುಷ್ಯನೇ ಇರಲಿಲ್ಲ ಎನ್ನುವಂತಿಲ್ಲ; ಇದ್ದ. ಅವನಿಗೆ ಅಷ್ಟಿಷ್ಟು ಬರುತ್ತಿತ್ತು. ಎಷ್ಟು ಬರುವುದಿಲ್ಲ ಎಂಬುದು ಮಾತ್ರ ಅವನಿಗೂ ಗೊತ್ತಿರಲಿಲ್ಲ, ಅವನನ್ನು ನಂಬಿದವನಿಗೂ ಗೊತ್ತಿರಲಿಲ್ಲ. ಅಮೆರಿಕದ ಪೊಲೀಸರ ಸ್ಪ್ಯಾನಿಷ್ ಕಲಿಕೆಯ ಕಥೆಯುದ್ದಕ್ಕೂ ಈ ಸಮಸ್ಯೆ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತದೆ.

ಇಂಗ್ಲಿಷ್ ನಾಡೆಂದು ಹೆಸರಾದ ದೇಶದಲ್ಲಿ ಪೊಲೀಸರಿಗೆ ಸ್ಪ್ಯಾನಿಷ್ ಏಕೆ ಬೇಕು ಎಂಬ ಪ್ರಶ್ನೆ ಏಳಬಹುದು. ಆ ದೇಶದ ನೈಋತ್ಯ ಭಾಗದಲ್ಲಿ ಇಂಗ್ಲಿಷ್ ತಡವಾಗಿ ಬಂದ ಭಾಷೆ. ಸ್ಯಾನ್ ಆಂಟೋನಿಯೊ ಸ್ಥಾಪನೆಯಾದದ್ದು 1718ರಲ್ಲಿ, ಲಾಸ್ ಏಂಜಲೀಸ್ 1781ರಲ್ಲಿ. ಎರಡನ್ನೂ ಕಟ್ಟಿದವರು ಸ್ಪೇನಿನ ಪ್ರಜೆಗಳು. ಆಮೇಲೆ ಈ ಪ್ರದೇಶ ಮೆಕ್ಸಿಕೊಗೆ ಸೇರಿತು. ಯುದ್ಧದಲ್ಲಿ ಸೋತ ಮೆಕ್ಸಿಕೊ 1848ರ ಗ್ವಾದಲೂಪೆ ಇದಾಲ್ಗೊ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾವೂ ಸೇರಿದಂತೆ ವಿಶಾಲ ಭೂಭಾಗವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿನ ಸ್ಪ್ಯಾನಿಷ್ ಜನ ಊರು ಬಿಟ್ಟು ಹೋಗಲಿಲ್ಲ. ಗಡಿರೇಖೆಯೇ ಅವರ ತಲೆಯ ಮೇಲಿಂದ ದಾಟಿಹೋಯಿತು. ಕ್ಯಾಲಿಫೋರ್ನಿಯಾದ 1849ರ ಮೊದಲ ಸಂವಿಧಾನ ಕಾನೂನುಗಳನ್ನು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪ್ರಕಟಿಸಬೇಕೆಂದು ವಿಧಿಸಿತ್ತು. ಮೂವತ್ತು ವರ್ಷದ ನಂತರ, 1879ರ ಹೊಸ ಸಂವಿಧಾನದಲ್ಲಿ, ಆ ಹಕ್ಕು ಮಾಯವಾಯಿತು.

ಕಾನೂನಿನಿಂದ ಮಾಯವಾದರೂ ಭಾಷೆ ಪೊಲೀಸರ ನಾಲಿಗೆಯಿಂದ ಮಾಯವಾಗಲಿಲ್ಲ. ಪಶ್ಚಿಮದ ಕೌಬಾಯ್ ಕಥೆಗಳಲ್ಲಿ ಜೈಲಿಗೆ 'ಹೂಸ್‌ಗಾವ್' ಎನ್ನುವುದುಂಟು. ಅದು ನ್ಯಾಯಸ್ಥಾನಕ್ಕೆ ಸ್ಪ್ಯಾನಿಷಿನಲ್ಲಿರುವ 'ಹುಸ್ಗಾದೊ' ಎಂಬ ಪದದ ಅಪಭ್ರಂಶ. ಜೈಲಿಗೆ ಇನ್ನೊಂದು ಹೆಸರಾದ 'ಕ್ಯಾಲಬೂಸ್' ಬಂದದ್ದು ಕತ್ತಲೆ ಕೋಣೆ ಎಂಬರ್ಥದ 'ಕಲಬೋಸೊ' ಪದದಿಂದ. ಕಾನೂನನ್ನು ತಾವೇ ಕೈಗೆತ್ತಿಕೊಳ್ಳುವವರನ್ನು ಕರೆಯುವ 'ವಿಜಿಲಾಂಟೆ' ಪದ ಕೂಡ ಕಾವಲುಗಾರ ಎಂಬ ಅರ್ಥದ ಸ್ಪ್ಯಾನಿಷ್ ಪದವೇ. ಎರಡು ಜನಾಂಗಗಳು ಹೆಚ್ಚಾಗಿ ಎಲ್ಲಿ ಎದುರುಬದುರಾದವು ಎಂಬುದನ್ನು ಈ ಎರವಲು ಪದಗಳೇ ಹೇಳುತ್ತವೆ.

2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಲ್ಯಾಟಿನ್ ಅಮೆರಿಕ ಹಾಗೂ ಸ್ಪ್ಯಾನಿಷ್ ಮೂಲದವರು 6.2 ಕೋಟಿಗೂ ಹೆಚ್ಚು. ಹೆಚ್ಚುಕಡಿಮೆ ಐದರಲ್ಲಿ ಒಬ್ಬರು. ಮನೆಯಲ್ಲಿ ಸ್ಪ್ಯಾನಿಷ್ ಆಡುವವರೇ 4 ಕೋಟಿ ದಾಟುತ್ತಾರೆ. ಇವರಲ್ಲಿ ಬಹುಮಂದಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಆದರೆ ಹೊಸದಾಗಿ ಬಂದ ಕೂಲಿಕಾರ, ಮನೆಯೊಳಗೇ ಇರುವ ಮುದುಕಿ, ಹೊಡೆತ ತಿಂದು ನಡುಗುತ್ತಿರುವ ಹೆಂಗಸು ಸಹಾಯಕ್ಕಾಗಿ 911ಕ್ಕೆ ಫೋನು ಮಾಡಿದಾಗ ಬಾಯಿಗೆ ಬರುವುದು ತಾಯ್ನುಡಿಯೇ.

ಇಂಥ ಸಂದರ್ಭಗಳಿಗಾಗಿಯೇ 'ಪೊಲೀಸರಿಗೆ ವ್ಯಾವಹಾರಿಕ ಸ್ಪ್ಯಾನಿಷ್' ಎಂಬ ತರಬೇತಿಗಳು ಹುಟ್ಟಿಕೊಂಡವು. ವ್ಯಾಕರಣ, ಸಾಹಿತ್ಯ ಇವುಗಳ ಗೊಡವೆ ಅಲ್ಲಿಲ್ಲ. ಕೆಲಸಕ್ಕೆ ಬೇಕಾದ ವಾಕ್ಯಗಳನ್ನು ಕಂಠಪಾಠ ಮಾಡಿಸುತ್ತಾರೆ. ಜೇಬಿನಲ್ಲಿ ಇಟ್ಟುಕೊಳ್ಳುವ ಚೀಟಿಯಲ್ಲಿ ಅವನ್ನು ಅಚ್ಚು ಹಾಕಿಸಿ ಕೊಡುವುದೂ ಉಂಟು. 'ಅಲ್ತೊ' ಎಂದರೆ ನಿಲ್ಲು. 'ಮಾನೋಸ್ ಅರ್ರಿಬಾ' ಎಂದರೆ ಕೈ ಮೇಲಕ್ಕೆ. 'ನೊ ಸೆ ಮ್ವೇವಾ' ಎಂದರೆ ಅಲುಗಾಡಬೇಡಿ. 'ದೋಂದೆ ಲೆ ದ್ವೇಲೆ' ಎಂದರೆ ಎಲ್ಲಿ ನೋಯುತ್ತಿದೆ.

ಉಚ್ಚಾರದ ಮಟ್ಟಿಗೆ ಸ್ಪ್ಯಾನಿಷ್ ಕಷ್ಟದ ಭಾಷೆಯಲ್ಲ. ಇಂಗ್ಲಿಷಿನಂತೆ ಬರೆಯುವುದೊಂದು ಓದುವುದೊಂದು ಎಂಬ ರಗಳೆ ಕಡಿಮೆ. ತ, ದ ಅಕ್ಷರಗಳನ್ನು ಕನ್ನಡದಂತೆ ನಾಲಿಗೆಯನ್ನು ಹಲ್ಲಿಗೆ ತಾಗಿಸಿಯೇ ನುಡಿಯುತ್ತಾರೆ. ಇಂಗ್ಲಿಷ್ ನಾಲಿಗೆ ತಡವರಿಸುವುದು ಕನ್ನಡದ 'ಞ'ಕಾರವನ್ನು ಹೋಲುವ ಒಂದು ಧ್ವನಿಯಲ್ಲಿ. ವಯಸ್ಸೆಷ್ಟು ಎಂದು ಕೇಳುವಾಗ 'ಆನ್ಯೊಸ್' ಎನ್ನಬೇಕು, ವರ್ಷಗಳು ಎಂದರ್ಥ. ಅದನ್ನು 'ಆನೊಸ್' ಎಂದರೆ ಸಭೆಯಲ್ಲಿ ಹೇಳಬಾರದ ಅಂಗವೊಂದು ಎಷ್ಟಿವೆ ಎಂದು ಕೇಳಿದಂತಾಗುತ್ತದೆ.

ಒಳ್ಳೆಯ ತರಬೇತಿಯಲ್ಲಿ ಪದಗಳಿಗಿಂತ ಮುಂಚೆ ರೂಢಿಗಳನ್ನು ಕಲಿಸುತ್ತಾರೆ. ಹೆಸರಿನ ವಿಷಯವನ್ನೇ ನೋಡಿ. ಸ್ಪ್ಯಾನಿಷ್ ಪದ್ಧತಿಯಲ್ಲಿ ಒಬ್ಬರಿಗೆ ಎರಡು ಕುಲನಾಮ: ಮೊದಲು ತಂದೆಯ ಕಡೆಯದು, ಆಮೇಲೆ ತಾಯಿಯ ಕಡೆಯದು. 1982ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಅವರಿಗೆ ತಂದೆಯಿಂದ ಬಂದದ್ದು ಗಾರ್ಸಿಯಾ, ತಾಯಿಯಿಂದ ಬಂದದ್ದು ಮಾರ್ಕೆಸ್. ಕೊನೆಯ ಪದವೇ ಮನೆತನದ ಹೆಸರು ಎಂದು ನಂಬಿದ ಇಂಗ್ಲಿಷ್ ಪೊಲೀಸ್ ಅವರನ್ನು ಮಾರ್ಕೆಸ್ ಎಂದು ಬರೆದುಕೊಂಡರೆ, ಇನ್ನೊಂದು ಠಾಣೆಯವರು ಗಾರ್ಸಿಯಾ ಎಂದು ಬರೆದುಕೊಂಡರೆ, ಕಡತದಲ್ಲಿ ಒಬ್ಬ ಮನುಷ್ಯ ಇಬ್ಬರಾಗುತ್ತಾನೆ. ಒಬ್ಬನ ವಾರಂಟು ಇನ್ನೊಬ್ಬನ ಕೊರಳಿಗೆ ಬೀಳಲೂ ಇಷ್ಟು ಸಾಕು. ದಿನಾಂಕದ್ದೂ ಇದೇ ಪಾಡು. ಸ್ಪ್ಯಾನಿಷ್ ಜನ ಭಾರತದವರಂತೆ ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತಾರೆ. ಅಮೆರಿಕದವರು ತಿಂಗಳು ಮೊದಲು. 5-10 ಎಂದರೆ ಒಬ್ಬರಿಗೆ ಅಕ್ಟೋಬರ್ 5, ಇನ್ನೊಬ್ಬರಿಗೆ ಮೇ 10.

ಇನ್ನೊಂದು ರೂಢಿ ಕನ್ನಡಿಗರಿಗೆ ವಿವರಿಸಬೇಕಾಗಿಯೇ ಇಲ್ಲ. ಸ್ಪ್ಯಾನಿಷಿನಲ್ಲಿ 'ತೂ' ಎಂದರೆ ನೀನು, 'ಉಸ್ತೆದ್' ಎಂದರೆ ತಾವು. ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. 'ಸ್ವೆಲ್ತಾ' ಎಂದರೆ ಬಿಡು, 'ಸ್ವೆಲ್ತೆ' ಎಂದರೆ ಬಿಡಿ. ಎಲ್ಲರಿಗೂ 'ಯೂ' ಎಂಬ ಒಂದೇ ಪದ ಸಾಕಾಗುವ ಇಂಗ್ಲಿಷ್ ಪೊಲೀಸರಿಗೆ ಈ ಭೇದ ಹೊಸದು. ಗುರುತಿಲ್ಲದ ಹಿರಿಯನೊಬ್ಬನನ್ನು ಅವನ ಮಕ್ಕಳ ಎದುರಿಗೆ ಏಕವಚನದಲ್ಲಿ ಮಾತಾಡಿಸಿದರೆ ಏನಾಗುತ್ತದೆಂದು ಕನ್ನಡ ನಾಡಿನ ಯಾವ ಠಾಣೆಯ ಮೆಟ್ಟಿಲು ಹತ್ತಿದವರಿಗೂ ಗೊತ್ತು. ಬಹುವಚನದಲ್ಲಿ ಕೇಳಿದರೆ ಉತ್ತರ ಬರುತ್ತದೆ, ಏಕವಚನದಲ್ಲಿ ಕೇಳಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದಲೇ ತರಬೇತಿಯ ವಾಕ್ಯಗಳು ಸಾಮಾನ್ಯವಾಗಿ 'ಉಸ್ತೆದ್' ರೂಪದಲ್ಲೇ ಇರುತ್ತವೆ.

ಆಜ್ಞೆಯ ಪದಗಳನ್ನೂ ಆರಿಸಿ ಕಲಿಸಬೇಕು. ಆಯುಧ ಕೆಳಗೆ ಹಾಕು ಎನ್ನಲು 'ತಿರಾರ್' ಎಂಬ ಕ್ರಿಯಾಪದ ಬಳಸಬಹುದು. ಎಸೆ ಎಂದು ಅದರ ಅರ್ಥ. ತೊಂದರೆಯೆಂದರೆ ಗುಂಡು ಹಾರಿಸು ಎಂಬುದಕ್ಕೂ ಅದೇ ಪದ. ಪಿಸ್ತೂಲು ಹಿಡಿದು ನಿಂತವನಿಗೆ ಇಂಥ ಎರಡರ್ಥದ ಮಾತು ಹೇಳುವುದು ಯಾರಿಗೂ ಕ್ಷೇಮವಲ್ಲ. 'ಸ್ವೆಲ್ತೆ ಎಲ್ ಆರ್ಮಾ', ಅಂದರೆ 'ಆಯುಧ ಬಿಡಿ' ಎಂದರೆ ಗೊಂದಲವಿಲ್ಲ.

ಇಷ್ಟು ಕಲಿತರೆ ಸಾಕೇ? ಕಂಠಪಾಠದ ಪ್ರಶ್ನೆಗೆ ಬರುವ ಉತ್ತರ ಕಂಠಪಾಠದ್ದಲ್ಲ ಎಂಬಲ್ಲಿ ನಿಜವಾದ ತೊಡಕು ಶುರುವಾಗುತ್ತದೆ. 'ಕೇ ಪಾಸೊ', ಏನಾಯಿತು ಎಂದು ಅಚ್ಚುಕಟ್ಟಾಗಿ ಕೇಳಿದ ಪೊಲೀಸ್‌ಗೆ ಭಾಷೆ ಬರುತ್ತದೆಂದು ಎದುರಿಗಿದ್ದವರು ನಂಬುತ್ತಾರೆ. ಮಳೆ ಸುರಿದಂತೆ ಮಾತು ಸುರಿಸುತ್ತಾರೆ. ಪೊಲೀಸ್‌ಗೆ ಅದರಲ್ಲಿ ಕೈಗೆ ಸಿಗುವುದು ಅಲ್ಲೊಂದು ಇಲ್ಲೊಂದು ಪದ. ಉಳಿದದ್ದನ್ನು ಅವನ ಊಹೆ ತುಂಬಿಕೊಳ್ಳುತ್ತದೆ. ಅತ್ತ, ಹೆದರಿದ ಮನುಷ್ಯ ಅರ್ಥವಾಗದ ಪ್ರಶ್ನೆಗೂ 'ಸೀ, ಸೀ' ಎನ್ನುತ್ತಾನೆ. ಕನ್ನಡದಲ್ಲಿ ಕಥೆ ಕೇಳುವವರು 'ಹೂಂ' ಗುಟ್ಟುತ್ತಾರಲ್ಲ, ಅಂಥ 'ಸೀ' ಅದು. ಬರಹಕ್ಕೆ ಇಳಿಯುವಾಗ ಅದು ಒಪ್ಪಿಗೆ ಎಂದಾಗುತ್ತದೆ.

ಇದಕ್ಕಿಂತ ಮೋಸದ ಪದಗಳೆಂದರೆ ಎರಡು ಭಾಷೆಗಳಲ್ಲೂ ಒಂದೇ ಮುಖ, ಬೇರೆ ಗುಣ ಇರುವವು. ಸ್ಪ್ಯಾನಿಷಿನಲ್ಲಿ 'ಎಂಬರಸಾದಾ' ಎಂದರೆ ಬಸುರಿ. ಇಂಗ್ಲಿಷ್ ಕಿವಿಗೆ ಅದು ಮುಜುಗರಪಟ್ಟವಳು ಎಂದು ಕೇಳಿಸುತ್ತದೆ. 'ಮೊಲೆಸ್ತಾರ್' ಎಂದರೆ ತೊಂದರೆ ಕೊಡುವುದು, ಪೀಡಿಸುವುದು. ಇಂಗ್ಲಿಷಿನಲ್ಲಿ ಅದೇ ರೂಪದ ಪದಕ್ಕೆ ಲೈಂಗಿಕ ಹಿಂಸೆಯ ಅರ್ಥ ಅಂಟಿಕೊಂಡಿದೆ. 'ಅವನು ನನ್ನ ಮಗಳಿಗೆ ಸುಮ್ಮನೆ ಕಾಟ ಕೊಡುತ್ತಿದ್ದ' ಎಂದ ತಾಯಿಯ ಮಾತು ಎಂಥ ದೂರಾಗಿ ದಾಖಲಾದೀತೆಂದು ಯೋಚಿಸಿ.

1980ರಲ್ಲಿ ಫ್ಲಾರಿಡಾದಲ್ಲಿ ಪ್ರಜ್ಞೆ ತಪ್ಪಿದ 18 ವರ್ಷದ ಯುವಕನೊಬ್ಬನನ್ನು ಆಸ್ಪತ್ರೆಗೆ ತಂದರು. ಮನೆಯವರು ಆತ 'ಇಂತೊಕ್ಸಿಕಾದೊ' ಎಂದರು. ತಿಂದದ್ದೇನೋ ವಿಷವಾಗಿದೆ ಎಂಬುದು ಅವರ ಅಭಿಪ್ರಾಯ. ಇಂಗ್ಲಿಷ್ ಕಿವಿಗೆ ಅದು ಅಮಲು ಎಂದು ಕೇಳಿಸಿತು. ಮಾದಕ ವಸ್ತು ಮಿತಿಮೀರಿದೆಯೆಂದು ಚಿಕಿತ್ಸೆ ನಡೆಯಿತು. ಆಗಿದ್ದದ್ದು ಮಿದುಳಿನೊಳಗಿನ ರಕ್ತಸ್ರಾವ. ಯುವಕನ ಕೈಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಿದವು. ಪ್ರಕರಣ ಕೋಟ್ಯಂತರ ಡಾಲರ್ ಪರಿಹಾರದಲ್ಲಿ ಮುಗಿಯಿತು. ಇದು ಆಸ್ಪತ್ರೆಯ ಕಥೆಯಾದರೂ ಅಪಘಾತದ ಸ್ಥಳಕ್ಕೆ, ಜಗಳದ ಮನೆಗೆ ಎಷ್ಟೋ ಸಲ ಮೊದಲು ಹೋಗಿ ಇದೇ ಪದ ಕೇಳುವವರು ಪೊಲೀಸರು.

ಇನ್ನು ಕಾನೂನಿನ ಮಾತು. 1966ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಿರಾಂಡಾ ಪ್ರಕರಣದಲ್ಲಿ ಪ್ರಸಿದ್ಧ ತೀರ್ಪೊಂದನ್ನು ಕೊಟ್ಟಿತು. ವಶದಲ್ಲಿರುವ ವ್ಯಕ್ತಿಯನ್ನು ವಿಚಾರಿಸುವ ಮುನ್ನ ಪೊಲೀಸರು ಅವನಿಗೆ ನಾಲ್ಕು ವಿಷಯ ತಿಳಿಸಲೇಬೇಕು: ಸುಮ್ಮನಿರುವ ಹಕ್ಕು ನಿನಗಿದೆ, ಆಡಿದ ಮಾತು ನಿನ್ನ ವಿರುದ್ಧವೇ ಬಳಕೆಯಾಗಬಹುದು, ವಕೀಲರನ್ನು ಜೊತೆಗಿಟ್ಟುಕೊಳ್ಳಬಹುದು, ಹಣವಿಲ್ಲದಿದ್ದರೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಇದನ್ನು ಅರ್ಥವಾಗುವಂತೆ ಹೇಳದಿದ್ದರೆ ಆ ವಿಚಾರಣೆಯಲ್ಲಿ ಪಡೆದ ಹೇಳಿಕೆಯನ್ನು ಸರ್ಕಾರ ತನ್ನ ವಾದಕ್ಕೆ ಆಧಾರವಾಗಿ ಬಳಸುವಂತಿಲ್ಲ.

ಓರೆಗಾನ್ ರಾಜ್ಯದ ಪತ್ತೇದಾರನೊಬ್ಬ ಇದನ್ನು ಸ್ಪ್ಯಾನಿಷಿನಲ್ಲಿ ಹೇಳುವಾಗ ಉಚಿತ ವಕೀಲ ಎಂಬ ಅರ್ಥದಲ್ಲಿ 'ಲೀಬ್ರೆ' ಪದ ಬಳಸಿದ. ಇಂಗ್ಲಿಷಿನ 'ಫ್ರೀ' ಪದಕ್ಕೆ ಎರಡರ್ಥ: ದುಡ್ಡಿಲ್ಲದೆ ಸಿಗುವುದು ಮತ್ತು ಬಂಧನವಿಲ್ಲದ್ದು. ಸ್ಪ್ಯಾನಿಷ್ 'ಲೀಬ್ರೆ'ಗೆ ಎರಡನೆಯದು ಮಾತ್ರ. ಉಚಿತಕ್ಕೆ ಬೇಕಾದ ಪದ 'ಗ್ರಾತಿಸ್'. ಆರೋಪಿಗೆ ತಿಳಿದದ್ದೇನೆಂದರೆ, ಯಾರಾದರೂ ವಕೀಲರು ಬಿಡುವಾಗಿದ್ದರೆ ಸಿಗಬಹುದು. ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಇದು ಎಚ್ಚರಿಕೆಯೇ ಅಲ್ಲವೆಂದು ಹೇಳಿ ಶಿಕ್ಷೆಯ ತೀರ್ಪನ್ನು ರದ್ದುಪಡಿಸಿತು.

ಯಂತ್ರವೂ ಪೊಲೀಸರನ್ನು ಕಾಪಾಡಲಿಲ್ಲ. 2017ರಲ್ಲಿ ಕ್ಯಾನ್ಸಾಸ್ ರಾಜ್ಯದ ಹೆದ್ದಾರಿಯಲ್ಲಿ ಪೊಲೀಸನೊಬ್ಬ ಕಾರು ನಿಲ್ಲಿಸಿದ. ಚಾಲಕನಿಗೆ ಇಂಗ್ಲಿಷ್ ಹೆಚ್ಚು ಬರುತ್ತಿರಲಿಲ್ಲ. ಗೂಗಲ್ ಅನುವಾದದ ಸಹಾಯದಿಂದ, ಕಾರನ್ನು ತಪಾಸಣೆ ಮಾಡಬಹುದೇ ಎಂದು ಕೇಳಿದ. ಯಂತ್ರ ಕೊಟ್ಟ ಪದ 'ಬುಸ್ಕಾರ್'. ಅದರ ಅರ್ಥ ಹುಡುಕುವುದು. ಕಳೆದುಹೋದ ಕಾರನ್ನು ಹುಡುಕಲೇ ಎಂದು ಕೇಳಿದಂತಾಯಿತು. ತಪಾಸಣೆಗೆ ಬೇಕಾದ ಪದ 'ರೆಹಿಸ್ತ್ರಾರ್'. ಕಾರಿನಲ್ಲಿ ಮಾದಕ ವಸ್ತು ಸಿಕ್ಕಿತು. ಆದರೆ ಚಾಲಕ ಏನಕ್ಕೆ ಒಪ್ಪಿದನೆಂಬುದೇ ಸ್ಪಷ್ಟವಿಲ್ಲದಾಗ ಅದನ್ನು ಒಪ್ಪಿಗೆ ಎನ್ನಲಾಗದೆಂದು 2018ರಲ್ಲಿ ನ್ಯಾಯಾಧೀಶರು ಆ ಸಾಕ್ಷ್ಯವನ್ನು ತಳ್ಳಿಹಾಕಿದರು. ಭಾಷೆ ತಪ್ಪಿದರೆ ನಷ್ಟ ಆರೋಪಿಗೆ ಮಾತ್ರ ಎಂದು ತಿಳಿದವರು ಈ ಪ್ರಕರಣ ನೋಡಬೇಕು.

ನ್ಯಾಯಾಲಯಗಳು ತಮ್ಮ ಅಂಗಳವನ್ನೂ ಗುಡಿಸಿಕೊಳ್ಳಬೇಕಾಗಿತ್ತು. ಪೋರ್ಟೊರಿಕೊ ಮೂಲದ ಹೊಲದ ಕೂಲಿಯೊಬ್ಬನ ಮೇಲೆ 1967ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕೊಲೆಯ ವಿಚಾರಣೆ ನಡೆಯಿತು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವನ ವಕೀಲರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಸಾಕ್ಷಿಗಳು ಏನು ಹೇಳಿದರೆಂದು ಸರ್ಕಾರದ ಕಡೆಯ ದುಭಾಷಿ ವಿರಾಮದ ಹೊತ್ತಿನಲ್ಲಿ ಚುಟುಕಾಗಿ ಹೇಳುತ್ತಿದ್ದಳು, ಅಷ್ಟೆ. ತನ್ನದೇ ವಿಚಾರಣೆಯಲ್ಲಿ ಅವನು ಕಿವುಡನಂತೆ ಕುಳಿತಿದ್ದ. 1970ರಲ್ಲಿ ಮೇಲ್ಮನವಿ ನ್ಯಾಯಾಲಯ ಇಂಥ ವಿಚಾರಣೆ ನ್ಯಾಯಸಮ್ಮತವಲ್ಲವೆಂದು ತೀರ್ಪಿತ್ತಿತು. 1978ರಲ್ಲಿ ಒಕ್ಕೂಟದ ನ್ಯಾಯಾಲಯಗಳಿಗೆ ದುಭಾಷಿಗಳ ಕಾಯಿದೆ ಬಂದು, ಅವರಿಗೆ ಪರೀಕ್ಷೆ, ಅರ್ಹತೆ ನಿಗದಿಯಾದವು.

ಆದರೆ ದುಭಾಷಿ ನ್ಯಾಯಾಲಯದಲ್ಲಿ ಕುಳಿತಿರುತ್ತಾನೆ. ರಾತ್ರಿ ಹನ್ನೊಂದಕ್ಕೆ ಬೀದಿಯಲ್ಲಿ ಇರುವವನು ಕಾನ್‌ಸ್ಟೆಬಲ್ ಒಬ್ಬನೇ. 1991ರ ಮೇ 5ರಂದು ರಾಜಧಾನಿ ವಾಷಿಂಗ್ಟನ್ನಿನ ಮೌಂಟ್ ಪ್ಲೆಸೆಂಟ್ ಬಡಾವಣೆಯಲ್ಲಿ ಬೀದಿಯಲ್ಲಿ ಮದ್ಯ ಕುಡಿಯುತ್ತಿದ್ದವರನ್ನು ಪೊಲೀಸರು ಬಂಧಿಸಲು ಹೋದರು. ಅಲ್ಲಿ ಎಲ್ ಸಾಲ್ವದೋರ್ ದೇಶದ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದ ಜನ ಹೆಚ್ಚಾಗಿದ್ದರು. ಅವರಲ್ಲಿ ಒಬ್ಬನಿಗೆ ಪೊಲೀಸ್ ಗುಂಡು ಬಿತ್ತು. ಅವನು ಚಾಕು ಹಿಡಿದು ಮೇಲೆ ಬಿದ್ದನೆಂದು ಪೊಲೀಸರು ಹೇಳಿದರು. ಆಗಲೇ ಬೇಡಿ ಹಾಕಿದ್ದರೆಂದು ಸುತ್ತಲಿನವರು ಹೇಳಿದರು. ಅವನು ಬದುಕಿದ. ಬಡಾವಣೆ ಮಾತ್ರ ಹೊತ್ತಿ ಉರಿಯಿತು. ಕರ್ಫ್ಯೂ ಹಾಕಬೇಕಾಯಿತು. ತನಿಖೆ ನಡೆಸಿದ ನಾಗರಿಕ ಹಕ್ಕುಗಳ ಆಯೋಗ 1993ರ ವರದಿಯಲ್ಲಿ ಬಡತನ, ತಾರತಮ್ಯಗಳ ಜೊತೆಗೆ ಸ್ಪ್ಯಾನಿಷ್ ಬಲ್ಲ ಪೊಲೀಸರ ಕೊರತೆಯನ್ನೂ ಎತ್ತಿ ತೋರಿಸಿತು. ಸರ್ಕಾರಿ ಸೇವೆಗಳು ಜನರ ಭಾಷೆಯಲ್ಲಿ ಸಿಗಬೇಕೆಂಬ ಕಾಯಿದೆ ಆ ನಗರಕ್ಕೆ 2004ರಲ್ಲಿ ಬಂತು.

ಸ್ಪ್ಯಾನಿಷ್ ಚೆನ್ನಾಗಿ ಬಂದರೂ ಮುಗಿಯಲಿಲ್ಲ. ಇಪ್ಪತ್ತು ದೇಶಗಳಲ್ಲಿ ಆಡುವ ಭಾಷೆ ಅದು. ಧಾರವಾಡದ ಮಾತು ಮಂಗಳೂರಿನಲ್ಲಿ ಬೇರೆಯಾಗುವಂತೆ ಅಲ್ಲಿಯೂ ಪದಗಳ ಅರ್ಥ ಊರೂರಿಗೆ ಬದಲಾಗುತ್ತದೆ. 'ಗ್ವಾಗ್ವಾ' ಎಂದರೆ ಕ್ಯೂಬಾದವನಿಗೆ ಬಸ್ಸು, ಚಿಲಿಯವನಿಗೆ ಹಸುಗೂಸು. 'ಅಓರಿತಾ' ಎಂದರೆ ಮೆಕ್ಸಿಕೊದಲ್ಲಿ ಈಗಿಂದೀಗ, ಪೋರ್ಟೊರಿಕೊದಲ್ಲಿ ಆಮೇಲೆ. ಅವನು 'ಅಓರಿತಾ' ಬಂದ ಎಂದು ಸಾಕ್ಷಿ ಹೇಳಿದರೆ, ಸಾಕ್ಷಿ ಯಾವ ಊರಿನವನೆಂದು ಕೇಳದೆ ಸಮಯ ಬರೆದುಕೊಳ್ಳುವಂತಿಲ್ಲ.

ಲ್ಯಾಟಿನ್ ಅಮೆರಿಕದಿಂದ ಬಂದವರೆಲ್ಲ ಸ್ಪ್ಯಾನಿಷ್ ಆಡುವವರೇ ಎಂದು ನಂಬುವುದು ಇನ್ನೂ ದೊಡ್ಡ ತಪ್ಪು. ಮೆಕ್ಸಿಕೊದ ಮಿಶ್ಟೆಕ್, ಗ್ವಾಟೆಮಾಲಾದ ಮಾಯಾ ಭಾಷೆಗಳಿಗೂ ಸ್ಪ್ಯಾನಿಷಿಗೂ ಯಾವ ನಂಟೂ ಇಲ್ಲ. 1986ರಲ್ಲಿ ಓರೆಗಾನ್‌ನಲ್ಲಿ ಕೊಲೆಯ ಆರೋಪ ಹೊತ್ತ ಮಿಶ್ಟೆಕ್ ತರುಣನ ವಿಚಾರಣೆ ಸ್ಪ್ಯಾನಿಷ್ ದುಭಾಷಿಯ ಮೂಲಕ ನಡೆದು ಶಿಕ್ಷೆಯಾಯಿತು. ಅವನು ಬಿಡುಗಡೆಯಾದದ್ದು 1991ರಲ್ಲಿ. 2010ರಲ್ಲಿ ಲಾಸ್ ಏಂಜಲೀಸಿನಲ್ಲಿ ಗ್ವಾಟೆಮಾಲಾದ ದಿನಗೂಲಿಯೊಬ್ಬನಿಗೆ ಚಾಕು ಕೆಳಗೆ ಹಾಕೆಂದು ಪೊಲೀಸರು ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಆಜ್ಞೆ ಮಾಡಿದರು. ಅವನ ತಾಯ್ನುಡಿ ಒಂದು ಮಾಯಾ ಭಾಷೆ. ಅವನು ಹಾಕಲಿಲ್ಲ, ಗುಂಡಿಗೆ ಬಲಿಯಾದ. ಅವನಿಗೆ ಎಷ್ಟು ಅರ್ಥವಾಗಿತ್ತೆಂದು ಕೇಳಲು ಆಮೇಲೆ ಅವನಿರಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಪೊಲೀಸರು ಪರಭಾಷೆ ಕಲಿಯದಿರುವುದೇ ಲೇಸು ಎಂದು ಯಾರಾದರೂ ತೀರ್ಮಾನಿಸಿದರೆ ಅದು ತಪ್ಪಾಗುತ್ತದೆ. ಗಾಯಗೊಂಡವರನ್ನು ಸಮಾಧಾನಪಡಿಸಲು, ಕಳೆದುಹೋದ ಮಗುವಿನ ಹೆಸರು ಕೇಳಲು, ಬೀದಿಯಲ್ಲಿ ಅಪಾಯ ತಪ್ಪಿಸಲು ಆ ಐವತ್ತು ನೂರು ವಾಕ್ಯಗಳು ಬೇಕೇ ಬೇಕು. ಹೇಳಿಕೆ ಬರೆದುಕೊಳ್ಳಲು, ಹಕ್ಕು ತಿಳಿಸಲು, ಒಪ್ಪಿಗೆ ಪಡೆಯಲು ಅವು ಸಾಲವು. ಅಲ್ಲಿ ಪರೀಕ್ಷೆ ಪಾಸಾದ ದ್ವಿಭಾಷಾ ಅಧಿಕಾರಿಯೋ, ತರಬೇತಾದ ದುಭಾಷಿಯೋ ಬೇಕು. ಮನೆಯ ಎಳೆಯ ಮಗುವನ್ನು ನಡುವೆ ನಿಲ್ಲಿಸಿ, ತಾಯಿಯನ್ನು ತಂದೆ ಹೊಡೆದ ಕಥೆಯನ್ನು ಅದರ ಬಾಯಿಂದಲೇ ಅನುವಾದ ಮಾಡಿಸುವುದಂತೂ ಕೂಡದು. ಸ್ಪ್ಯಾನಿಷ್ ಬಲ್ಲ ಅಧಿಕಾರಿಗಳಿಗೆ ಭಾಷಾ ಭತ್ಯೆ ಕೊಡುವ ಪೊಲೀಸ್ ಇಲಾಖೆಗಳು ಅಲ್ಲಿವೆ. ಇಂಗ್ಲಿಷ್ ಬಾರದವರಿಗೂ ಸರ್ಕಾರಿ ಸೇವೆ ಸಿಗುವಂತೆ ನೋಡಿಕೊಳ್ಳಬೇಕೆಂದು 2000ದಲ್ಲಿ ಅಧ್ಯಕ್ಷ ಕ್ಲಿಂಟನ್ ಆದೇಶ ಹೊರಡಿಸಿದ್ದರು. 2025ರ ಮಾರ್ಚಿಯಲ್ಲಿ ಅಧ್ಯಕ್ಷ ಟ್ರಂಪ್ ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿ ಆ ಆದೇಶವನ್ನು ಹಿಂತೆಗೆದುಕೊಂಡರು. ಆದೇಶ ಹೋದರೂ ರಾತ್ರಿ ಫೋನು ಮಾಡುವ ಹೆಂಗಸಿನ ಭಾಷೆ ಬದಲಾಗುವುದಿಲ್ಲ. ಅದನ್ನು ಎತ್ತಿಕೊಳ್ಳುವ ಪೊಲೀಸರ ಅಗತ್ಯವೂ ಬದಲಾಗುವುದಿಲ್ಲ.

ಭಾರತಕ್ಕೂ ಈ ಪಾಠ ಹೊರಗಿನದಲ್ಲ. ಬಂಧನದ ಕಾರಣ ತಿಳಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಇಂಗ್ಲಿಷ್ ಬಾರದ ಬಂಧಿಯೊಬ್ಬನಿಗೆ ಇಂಗ್ಲಿಷ್ ಕಾಗದ ಕೊಟ್ಟು, ಬಾಯಲ್ಲಿ ಅನುವಾದಿಸಿ ಹೇಳಿದರೆ ತಿಳಿಸಿದಂತಾಗದು ಎಂದು ನಮ್ಮ ಸುಪ್ರೀಂ ಕೋರ್ಟು 1962ರಲ್ಲೇ ತೀರ್ಪು ಕೊಟ್ಟಿದೆ. ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕಾರಣ ತಿಳಿಸಬೇಕೆಂದು 2025ರಲ್ಲೂ ಅದನ್ನೇ ಒತ್ತಿ ಹೇಳಿದೆ. ಒಡಿಶಾದ, ಬಿಹಾರದ, ಅಸ್ಸಾಮಿನ ಕೂಲಿಗ ಬೆಂಗಳೂರಿನ ಠಾಣೆಯಲ್ಲಿ ನಿಂತಾಗಲೂ, ಕನ್ನಡ ಮಾತ್ರ ಬಲ್ಲ ಕಲಬುರಗಿಯ ಕೂಲಿಗ ಮುಂಬಯಿ, ಪುಣೆಗಳ ಠಾಣೆಯಲ್ಲಿ ನಿಂತಾಗಲೂ ಏಳುವ ಪ್ರಶ್ನೆ ಇದೇ. 'ಹೂಂ' ಎಂದವನಿಗೆ ನಿಜವಾಗಿ ಅರ್ಥವಾಗಿತ್ತೇ?

ಪೊಲೀಸರಿಗೆ ಕಲಿಸುವ ಸ್ಪ್ಯಾನಿಷ್ ವಾಕ್ಯಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಯಾವುದೆಂದು ಕೇಳಿದರೆ, 'ಕೈ ಮೇಲಕ್ಕೆ' ಎಂಬುದಲ್ಲ. 'ನೊ ಎಂತ್ಯೆಂದೊ. ಮಾಸ್ ದೆಸ್ಪಾಸ್ಯೊ, ಪೊರ್ ಫಾವೊರ್.' ಹಾಗೆಂದರೆ, ನನಗೆ ಅರ್ಥವಾಗಲಿಲ್ಲ, ದಯವಿಟ್ಟು ಇನ್ನೂ ನಿಧಾನವಾಗಿ ಹೇಳಿ. ಸಮವಸ್ತ್ರ ತೊಟ್ಟವರ ಬಾಯಲ್ಲಿ ಈ ಮಾತು ಬರುವುದು ಯಾವ ದೇಶದಲ್ಲೂ ಸುಲಭವಲ್ಲ. ಆದರೂ ಪಾಠವನ್ನು ಇಲ್ಲಿಂದಲೇ ಶುರುಮಾಡಬೇಕು.